ನಕಲು ನಿಲ್ಲಿಸಿದ ಅಳಿಯ

‘ಅಂಡ್ ಸನ್ಸ್’ ಎನ್ನುವ ಅಂಗಡಿಗಳ ಬೋರ್ಡಿನ ಮೇಲೆ ಅಪ್ಪನಿಗೂ ಮಕ್ಕಳಿಗೂ ನಡುವೆ ಸುರುಳಿ ಸುತ್ತಿಕೊಂಡು ಕೂತಿರುತ್ತದಲ್ಲ, & ಎಂಬ ಚಿಹ್ನೆ, ಎಲ್ಲಕ್ಕೂ ಅದೇ ಕಾರಣ. ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಮೈಕ್ರೋ ಅದನ್ನು ತನ್ನ ಕಂಪ್ಯೂಟರ್ ಕೋಡಿನ ಒಂದು ಸಾಲಿನಲ್ಲಿ ಹಾಕಿದ.

ಮೈಕ್ರೋ ಎಂಬುದು ಆಫೀಸಿನವರು ಇಟ್ಟ ಹೆಸರು. ಹದಿನಾಲ್ಕು ವರ್ಷಗಳಿಂದ ಮೈಕ್ರೋಸೆಕೆಂಡುಗಳನ್ನು ಉಳಿಸುವುದೇ ಅವನ ಕಸುಬು. ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಹಾಗೆ ಉಳಿಸಿದ್ದನ್ನೆಲ್ಲ ಕೂಡಿಸಿದರೂ ಅವನು ದಿನಾ ಆಫೀಸಿಗೆ ತಡವಾಗಿ ಬರುವ ಕಾಲು ಗಂಟೆಗೆ ಸಮವಾಗುವುದಿಲ್ಲ ಎಂದು ಸಹೋದ್ಯೋಗಿಗಳು ಆಡಿಕೊಳ್ಳುತ್ತಿದ್ದರು. ಮೈಕ್ರೋ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಅವರದು ಪಾರ್ಸೆಲ್ ಗೋದಾಮುಗಳಿಗೆ ಪ್ರೋಗ್ರಾಂ ಬರೆದುಕೊಡುವ ಕಂಪನಿ. ಪೆಟ್ಟಿಗೆಗಳು ಬೆಲ್ಟಿನ ಮೇಲೆ ಸಾಲಾಗಿ ಬರುತ್ತವೆ. ಪ್ರೋಗ್ರಾಂ ಪ್ರತಿಯೊಂದರ ವಿಳಾಸ ನೋಡಿ, ಇದು ಮೂರನೇ ಜಾರುಬಂಡಿಗೆ, ಇದು ಒಂಬತ್ತನೆಯದಕ್ಕೆ ಎಂದು ತಳ್ಳಿಸುತ್ತದೆ. ಒಂದೊಂದು ಪೆಟ್ಟಿಗೆಗೂ ಕಂಪ್ಯೂಟರಿನೊಳಗೆ ಒಂದೊಂದು ದಾಖಲೆ: ನಂಬರು, ತೂಕ, ಉದ್ದ ಅಗಲ, ಕಳಿಸಿದವರು, ತಲುಪಬೇಕಾದವರು, ಎಲ್ಲ ಸೇರಿ ದೊಡ್ಡ ಗಂಟು. ಆ ಬೆಳಿಗ್ಗೆ ಮೈಕ್ರೋನ ಕಣ್ಣಿಗೆ ಬಿದ್ದದ್ದು ಬರೀ ತೂಕ ನೋಡಿ ಹೇಳುವ ಒಂದು ಪುಟ್ಟ ಫಂಕ್ಷನ್, ಅಂದರೆ ಪ್ರೋಗ್ರಾಮಿನೊಳಗೆ ಒಂದೇ ಕೆಲಸಕ್ಕೆಂದು ಬರೆದಿಟ್ಟ ತುಂಡು. ಅದಕ್ಕೆ ಬೇಕಾದದ್ದು ಒಂದೇ ಒಂದು ಅಂಕಿ. ಆದರೆ ಕೋಡಿನ ಪ್ರಕಾರ ಪ್ರತಿಸಲವೂ ಇಡೀ ಗಂಟನ್ನೇ ನಕಲು ಮಾಡಿ ಅದರ ಕೈಗೆ ಕೊಡಲಾಗುತ್ತಿತ್ತು. ಮೈಕ್ರೋ ಅಲ್ಲೊಂದು & ಹಾಕಿದ. ‘ನಕಲು ಬೇಡ, ಮೂಲ ಎಲ್ಲಿದೆ ಅಂತ ಹೇಳಿದರೆ ಸಾಕು, ಅಲ್ಲೇ ಹೋಗಿ ನೋಡಿಕೊಳ್ಳುತ್ತದೆ’ ಎಂದು ಅದರ ಅರ್ಥ.

ತನ್ನ ಕಂಪ್ಯೂಟರಿನಲ್ಲಿ ಓಡಿಸಿ ನೋಡಿದ. ಮೊದಲು ಹತ್ತು ಸೆಕೆಂಡು ಹಿಡಿಯುತ್ತಿದ್ದ ಕೆಲಸ ಆರಕ್ಕೆ ಮುಗಿಯಿತು.

ಕನ್ನಡಕ ಒರೆಸಿ ಮತ್ತೆ ಓಡಿಸಿದ. ಆರು. ನೀರು ಕುಡಿದು ಬಂದು ಓಡಿಸಿದ. ಆರೇ.

“ನಲವತ್ತು ಪರ್ಸೆಂಟ್!” ಎಂದು ಕೂಗಿದ ಮೈಕ್ರೋ. ಹದಿನಾಲ್ಕು ವರ್ಷದಲ್ಲಿ ಅವನು ಆಫೀಸಿನಲ್ಲಿ ಎತ್ತರದ ದನಿಯಲ್ಲಿ ಆಡಿದ ಮೊದಲ ಮಾತು ಅದು.

ಪಕ್ಕದ ಮೇಜಿನಲ್ಲಿ ಕೂತವರು ಬೇರೆ ಯಾರಾದರೂ ಆಗಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತೇನೋ. ಆದರೆ ಅಲ್ಲಿದ್ದವರು ಸಿಬ್ಬಂದಿ ವಿಭಾಗದ, ಎಲ್ಲರೂ ಬುಲೆಟಿನ್ ಎಂದು ಕರೆಯುವ ಹೆಂಗಸು. ಆಕೆಯ ಕಿವಿಗೆ ಬಿದ್ದ ಮಾತು ಮೂರು ಮಹಡಿ ಹತ್ತಿ ಇಳಿಯಲು ಲಿಫ್ಟಿಗಿಂತ ಕಡಿಮೆ ಹೊತ್ತು ತೆಗೆದುಕೊಳ್ಳುತ್ತಿತ್ತು.

“ಏನ್ ನಲವತ್ತು ಪರ್ಸೆಂಟು ಮೈಕ್ರೋ?”

“ಏನಿಲ್ಲ, ನಕಲು ಮಾಡೋದನ್ನ ನಿಲ್ಲಿಸ್ಬಿಟ್ಟೆ.”

“ಅಯ್ಯೋ, ಇಷ್ಟು ದಿನ ನಕಲು ಮಾಡ್ತಿದ್ರಾ?” ಎಂದು ಬುಲೆಟಿನ್ ಎದ್ದೇ ಹೋದರು.

ಹತ್ತು ನಿಮಿಷದಲ್ಲಿ ಮ್ಯಾನೇಜರ್ ಬಂದರು. ಅವರಿಗೆ ಅಂದು ತಲೆ ಸಿಡಿಯುತ್ತಿತ್ತು. ಸಂಜೆ ನಾಲ್ಕಕ್ಕೆ ಅತಿ ದೊಡ್ಡ ಗಿರಾಕಿ ಗೋದಾಮಿನ ಮುಖ್ಯಸ್ಥೆ ಖುದ್ದಾಗಿ ಬರುವವರಿದ್ದರು. ಎಂಟು ತಿಂಗಳಿಂದ ಆಕೆಯದು ಒಂದೇ ದೂರು: ‘ನಿಮ್ಮ ಪ್ರೋಗ್ರಾಂ ಮಲಗಿಕೊಂಡೇ ಕೆಲಸ ಮಾಡುತ್ತದೆ.’

“ಮೈಕ್ರೋ, ನಿಜಾನಾ? ನಲವತ್ತು ಪರ್ಸೆಂಟಾ?”

“ಒಂದೇ ಫಂಕ್ಷನ್ ಸಾರ್. ಇಂಥವು ಇನ್ನೂ ಮುನ್ನೂರಿವೆ.”

ಮ್ಯಾನೇಜರು ಬೆರಳಲ್ಲಿ ಗಾಳಿಯಲ್ಲೇ ಗುಣಿಸಿದರು. ಲೆಕ್ಕ ಎಲ್ಲಿಗೆ ಹೋಗಿ ನಿಂತಿತೋ, ಅವರ ಮುಖ ಮೊರದಗಲವಾಯಿತು. “ಎಲ್ಲಾದಕ್ಕೂ ಹಾಕ್ಬಿಡಿ. ನಾಲ್ಕು ಗಂಟೆಗೆ ನೀವೇ ತೋರಿಸಿ. ನಾನು ಮಾತೇ ಆಡಲ್ಲ, ಪಕ್ಕದಲ್ಲಿ ನಿಂತ್ಕೋತೀನಿ ಅಷ್ಟೇ.”

ಮೈಕ್ರೋನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೆಂಡತಿಗೆ ಫೋನ್ ಮಾಡಿದ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಆಕೆ ಗಿರಾಕಿಯ ಮೂಗಿನ ಮೇಲೆ ಫ್ರೇಮ್ ಇಟ್ಟುಕೊಂಡೇ “ಒಳ್ಳೇದಾಯ್ತು ಕಣ್ರೀ, ಅಪ್ಪನಿಗೆ ಹೇಳ್ತೀನಿ” ಎಂದಳು. ಅವಳು ಹೇಳಿ ಮುಗಿಸುವ ಮುಂಚೆಯೇ ಎಂಬಂತೆ ಮಾವನವರ ಫೋನ್ ಬಂತು.

ಮಾವ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಟೈಪಿಸ್ಟ್ ಆಗಿದ್ದವರು, ಈಗ ಮಗಳ ಮನೆಯಲ್ಲೇ ಇದ್ದರು. ಅಳಿಯನ ಕೆಲಸ ಏನೆಂದು ಮದುವೆಯಾದಾಗಿನಿಂದ ಕೇಳುತ್ತಲೇ ಇದ್ದರು. ಮೈಕ್ರೋ ವಿವರಿಸುತ್ತಲೇ ಇದ್ದ. ಕೊನೆಗೆ ಅವರು “ಏನೋ ಒಟ್ಟು ಕೂತು ಮಾಡೋ ಕೆಲಸ” ಎಂದು ನಿಟ್ಟುಸಿರು ಬಿಡುತ್ತಿದ್ದರು. ಅವರ ಇನ್ನೊಬ್ಬ ಅಳಿಯ ಸೇತುವೆ ಕಟ್ಟುವವನು. ಸೇತುವೆಯನ್ನು ವಿವರಿಸಬೇಕಿಲ್ಲ, ಬೆರಳು ಮಾಡಿ ತೋರಿಸಿದರೆ ಸಾಕು.

“ನಕಲು ಮಾಡೋದು ಬೇಡ ಅಂದ್ರಂತೆ?” ಮಾವನ ದನಿಯಲ್ಲಿ ಹಿಂದೆಂದೂ ಇಲ್ಲದ ಉತ್ಸಾಹ.

“ಹೌದು ಮಾವ. ಇಡೀ ಕಡತ ನಕಲು ಮಾಡಿ ಕೊಡ್ತಿತ್ತು. ಈಗ ಮೂಲ ಎಲ್ಲಿದೆ ಅಂತ ಮಾತ್ರ ಹೇಳುತ್ತೆ.”

“ಅಳಿಯಂದ್ರೇ, ಹನ್ನೊಂದು ವರ್ಷದಲ್ಲಿ ಇವತ್ತು ನೀವು ಹೇಳಿದ್ದು ನನಗೆ ಅರ್ಥ ಆಯ್ತು. ನಾಲ್ಕು ಗಂಟೆಗೆ ತಾನೇ? ಬರ್ತೀನಿ.”

“ಮಾವ, ಆಫೀಸಿಗೆ ಹೊರಗಿನವರನ್ನ…”

“ನಾನು ಹೊರಗಿನವನಾ?” ಎಂದವರೇ ಫೋನ್ ಇಟ್ಟುಬಿಟ್ಟರು.

ಮೈಕ್ರೋ ಅಂಗಿಯ ತೋಳು ಮಡಚಿ ಕೂತ. ಊಟದ ಹೊತ್ತಿಗೆ ಮುನ್ನೂರ ಹನ್ನೆರಡು ಫಂಕ್ಷನ್‌ಗಳಲ್ಲಿ & ಹಾಕಿ ಮುಗಿಸಿದ. ದೊಡ್ಡ ದಾಖಲೆ, ಚಿಕ್ಕ ದಾಖಲೆ, ಎರಡೇ ಅಂಕಿಗಳಿರುವ ಚೀಟಿಯಂಥ ದಾಖಲೆ, ಯಾವುದನ್ನೂ ಬಿಡಲಿಲ್ಲ. ಬಣ್ಣ ಬಳಿಯುವವನು ಹುರುಪಿನಲ್ಲಿ ಕಿಟಕಿಯ ಗಾಜಿಗೂ ಬಳಿದುಬಿಟ್ಟ ಹಾಗೆ. ಮುಗಿಸಿದ್ದನ್ನು ಈ ಸಲ ಗಿರಾಕಿಗೆ ಕಳಿಸುವ ರೀತಿಯಲ್ಲೇ ತಯಾರು ಮಾಡಿ ಕೆಳಗಿನ ಹಾಲಿಗೆ ಇಳಿದ.

ಕೆಳಗಿನ ಹಾಲಿನಲ್ಲಿ ಪರೀಕ್ಷೆಗೆಂದೇ ಒಂದು ಬೆಲ್ಟ್ ಇತ್ತು, ಹನ್ನೆರಡು ಜಾರುಬಂಡಿಗಳಿದ್ದವು, ನೂರೈವತ್ತು ಖಾಲಿ ರಟ್ಟಿನ ಪೆಟ್ಟಿಗೆಗಳಿದ್ದವು. ಎರಡೂವರೆಗೆ ರಿಹರ್ಸಲ್. ಮ್ಯಾನೇಜರ್ ಒಂದನೇ ಜಾರುಬಂಡಿಯ ಕೆಳಗೆ ನಿಂತು ಸಂಜೆಯ ಸ್ವಾಗತ ಭಾಷಣ ಅಭ್ಯಾಸ ಮಾಡುತ್ತಿದ್ದರು. ಬುಲೆಟಿನ್ ಫೋಟೋ ತೆಗೆಯಲು ಮೊಬೈಲ್ ಎತ್ತಿ ಹಿಡಿದಿದ್ದರು.

“ಶುರು ಮಾಡಿ!”

ಮೈಕ್ರೋ ಗುಂಡಿ ಒತ್ತಿದ. ಮೊದಲ ಪೆಟ್ಟಿಗೆ ಒಂದನೇ ಜಾರುಬಂಡಿಗೆ ಇಳಿಯಿತು. ಎರಡನೆಯದು ಐದಕ್ಕೆ ಹೋಗಬೇಕಿತ್ತು, ಒಂದಕ್ಕೇ ಇಳಿಯಿತು. ಮೂರನೆಯದೂ ಒಂದಕ್ಕೆ. ನಾಲ್ಕು, ಐದು, ಆರು, ಹಬ್ಬಕ್ಕೆ ತವರಿಗೆ ಹೊರಟವರ ಹಾಗೆ ಎಲ್ಲವೂ ಒಂದೇ ದಾರಿ ಹಿಡಿದವು.

“ಗೌರವಾನ್ವಿತ ಅತಿಥಿಗಳೇ” ಎಂದು ಬಾಯಿ ತೆರೆದಿದ್ದ ಮ್ಯಾನೇಜರರ ಬೆನ್ನಿಗೆ ಒಂದು ಬಿತ್ತು. ತಿರುಗಿದರು, ಹೊಟ್ಟೆಗೆ ಇನ್ನೊಂದು. “ನಿಲ್ಸಿ! ನಿಲ್ಸಿ!” ಎಂದದ್ದು ಸೊಂಟದವರೆಗೆ ಪೆಟ್ಟಿಗೆ ಬಂದ ಮೇಲೆ. ಮೈಕ್ರೋ ಗಾಬರಿಯಲ್ಲಿ ನಿಲ್ಲಿಸುವ ಗುಂಡಿಯ ಬದಲು ವೇಗದ ಗುಂಡಿ ಒತ್ತಿದ. ಮ್ಯಾನೇಜರು ಕುತ್ತಿಗೆಯವರೆಗೆ ಮುಳುಗಿದರು. ಬುಲೆಟಿನ್ ಮಾತ್ರ ಒಂದೂ ಬಿಡದೆ ಫೋಟೋ ತೆಗೆದರು.

ಅದೇ ಹೊತ್ತಿಗೆ ಹಾಲಿನ ಬಾಗಿಲು ತೆರೆಯಿತು. ಇಸ್ತ್ರಿ ಮಾಡಿದ ಕೋಟು, ಕೈಯಲ್ಲಿ ಕೊಡೆ, ನಾಲ್ಕಕ್ಕೆ ಬರುತ್ತೇನೆಂದವರು ಒಂದೂವರೆ ಗಂಟೆ ಮೊದಲೇ ಬಂದು ನಿಂತಿದ್ದರು, ಮಾವ.

“ಆಹಾ!” ಎಂದರು ಅವರು, ಸುರಿಯುತ್ತಿದ್ದ ಪೆಟ್ಟಿಗೆಗಳನ್ನು ನೋಡಿ. “ಎಂಥಾ ವೇಗ!”

ಪೆಟ್ಟಿಗೆಗಳ ಮೇಲೆ ಉಳಿದಿದ್ದ ಮ್ಯಾನೇಜರರ ತಲೆ ಅವರತ್ತ ತಿರುಗಿ, “ನಮಸ್ಕಾರ” ಎಂದಿತು.

ಮ್ಯಾನೇಜರರನ್ನು ಹೊರಗೆ ಎಳೆದ ಮೇಲೆ ಎಲ್ಲರಿಗೂ ಒಬ್ಬರ ನೆನಪಾಯಿತು: ಟೀಚರ್. ಆಕೆ ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಬೇರೆಯವರ ಕೋಡನ್ನು ಕಾಗದದ ಮೇಲೆ ಮುದ್ರಿಸಿ ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದುದರಿಂದ ಆ ಹೆಸರು. ಕಂಪೈಲರ್ ಎಂದರೆ ಮನುಷ್ಯರು ಬರೆದ ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಪ್ರೋಗ್ರಾಂ. ಅದು ಇಳಿಸಿಕೊಟ್ಟ ರೂಪಕ್ಕೆ ಬಿಲ್ಡ್ ಎನ್ನುತ್ತಾರೆ. ಅದನ್ನು ಆ ಕಟ್ಟಡದಲ್ಲಿ ಕೂತು ಓದಬಲ್ಲವರು ಟೀಚರ್ ಒಬ್ಬರೇ.

ಆಕೆ ಬಂದು, ಮೈಕ್ರೋನ ಪರದೆಯನ್ನು ಐದು ನಿಮಿಷ ನೋಡಿ, ಕನ್ನಡಕ ಮೂಗಿನ ತುದಿಗೆ ಇಳಿಸಿದರು.

“ಬೆಳಿಗ್ಗೆ ಹತ್ತು ಸೆಕೆಂಡು, ಆರು ಸೆಕೆಂಡು ಅಂತ ಅಳತೆ ಮಾಡಿದ್ರಲ್ಲ, ಯಾವ ಬಿಲ್ಡಿನಲ್ಲಿ?”

“ನನ್ನ ಕಂಪ್ಯೂಟರಲ್ಲಿ ಇರೋದ್ರಲ್ಲಿ. ಡಿಬಗ್.”

“ಅಂದ್ರೆ ತಪ್ಪು ಹುಡುಕೋಕೆ ಅಂತ ಮಾಡೋ ಬಿಲ್ಡು. ಅದರಲ್ಲಿ ಕಂಪೈಲರಿಗೆ ತಲೆ ಓಡಿಸಬೇಡ, ಹೇಳಿದಷ್ಟು ಮಾಡು ಅಂತ ನಾವೇ ಹೇಳಿರ್ತೀವಿ. ನಕಲು ಮಾಡು ಅಂದ್ರೆ ಪೆದ್ದನ ಹಾಗೆ ನಕಲು ಮಾಡುತ್ತೆ. ಗಿರಾಕಿಗೆ ಕಳಿಸೋ ಬಿಲ್ಡಿನಲ್ಲಿ ಹಾಗಲ್ಲ. ಇವರು ತೂಕ ಮಾತ್ರ ನೋಡೋರು, ಇಡೀ ಗಂಟಿನ ನಕಲು ಯಾಕೆ ಅಂತ ಅದೇ ಯೋಚಿಸಿ, ನಕಲನ್ನ ಎತ್ತಿ ಹಾಕಿರುತ್ತೆ. ನೋಡಿ.”

ಟೀಚರ್ ಎರಡು ಕಿಟಕಿಗಳನ್ನು ಅಕ್ಕಪಕ್ಕ ತೆರೆದರು. ಎಡಗಡೆ ಮೈಕ್ರೋ ಮೊದಲ & ಹಾಕುವ ಮುಂಚಿನದು, ಬಲಗಡೆ ಹಾಕಿದ ಮೇಲಿನದು. ಯಂತ್ರದ ಭಾಷೆಯಲ್ಲಿ ಎರಡೂ ಅಕ್ಷರ ಬಿಡದೆ ಒಂದೇ ಆಗಿದ್ದವು.

“ನೀವು ಹಾಕಿದ್ರೂ ಅಷ್ಟೇ, ಬಿಟ್ಟಿದ್ರೂ ಅಷ್ಟೇ,” ಎಂದರು ಟೀಚರ್, ಮೃದುವಾಗಿಯೇ.

ಹಿಂದೆ ನಿಂತಿದ್ದ ಮಾವ ಕೊಡೆಯನ್ನು ನೆಲಕ್ಕೆ ಊರಿ ಮುಂದೆ ಬಂದರು.

“ಒಂದ್ನಿಮಿಷ ತಾಯಿ. ಕೋರ್ಟಲ್ಲಿ ಸಾಹೇಬರು ನನ್ನ ಕರೆದು ‘ಆ ಇಡೀ ಫೈಲು ನಕಲು ತೆಗೆದು, ಅದರಲ್ಲಿ ತಾರೀಖು ಏನಿದೆ ನೋಡಿ ಹೇಳು’ ಅಂತಿದ್ರು. ನಾನು ನಕಲು ತೆಗೀತಾನೇ ಇರಲಿಲ್ಲ. ಬೀರು ತೆಗೆದು, ತಾರೀಖು ನೋಡಿ, ಬಂದು ಹೇಳ್ತಿದ್ದೆ. ಅವರಿಗೆ ಗೊತ್ತೇ ಆಗ್ತಿರಲಿಲ್ಲ.”

“ಅದೇ ಸಾರ್!” ಟೀಚರ್ ಹಿಗ್ಗಿಹೋದರು. “ಕಂಪೈಲರ್ ಮಾಡೋದೂ ಅದನ್ನೇ.”

“ಹಾಗಾದ್ರೆ ಆ ಕಂಪೈಲರ್ ಅನ್ನೋರು ಒಳ್ಳೆ ಕೆಲಸಗಾರರು,” ಎಂದು ಮಾವ ಕೋಟಿನ ಗುಂಡಿ ಸರಿಮಾಡಿಕೊಂಡರು. “ಮತ್ತೆ ಪೆಟ್ಟಿಗೆ ಯಾಕೆ ಬಿದ್ವು?”

“ಇವರು ಎಲ್ಲಾ ಕಡೆ ನಕಲು ನಿಲ್ಲಿಸಿದ್ರಲ್ಲ, ಅದಕ್ಕೆ. ಒಂದು ಫಂಕ್ಷನ್ ತನಗೆ ಕೊಟ್ಟ ದಾಖಲೆ ಮೇಲೇ ಗೀಚಿ ಲೆಕ್ಕ ಹಾಕೋ ಅಭ್ಯಾಸದ್ದು. ಜಾರುಬಂಡಿ ನಂಬರು ಅಳಿಸಿ ಒಂದು ಅಂತ ಬರ್ಕೊಂಡು ಎಣಿಕೆ ಶುರು ಮಾಡುತ್ತೆ. ಮೊದಲು ನಕಲಿನ ಮೇಲೆ ಗೀಚ್ತಿತ್ತು. ಈಗ ಮೂಲದ ಮೇಲೇ ಗೀಚ್ತು.”

“ಶಿವ ಶಿವ!” ಮಾವ ಕಿವಿ ಮುಚ್ಚಿಕೊಂಡರು. “ಗೀಚೋದಿದ್ರೆ ನಕಲು ಬೇಕೇ ಬೇಕು. ಮೂಲ ಮುಟ್ಟಿದ್ರೆ ಕೆಲಸ ಹೋಗ್ತಿತ್ತು.”

“ಇನ್ನೊಂದು. ಎರಡು ಅಂಕಿಯ ಪುಟ್ಟ ದಾಖಲೆನ ಕಂಪೈಲರು ಕೈಯಿಂದ ಕೈಗೇ ದಾಟಿಸ್ತಿತ್ತು. ಇವರು ಅದನ್ನೂ ಬೀರುವಿನಲ್ಲಿಟ್ಟು, ಬೀರುವಿನ ನಂಬರು ಕೊಡೋ ಹಾಗೆ ಮಾಡಿದ್ದಾರೆ. ಹಾಗಾಗಿ ಮೊದಲಿಗಿಂತ ಸ್ವಲ್ಪ ನಿಧಾನಾನೂ ಆಗಿದೆ.”

ಮೈಕ್ರೋ ಬೆಳಿಗ್ಗೆಯಿಂದ ಹಾಕಿದ್ದ ಮುನ್ನೂರ ಹದಿಮೂರು ಚಿಹ್ನೆಗಳನ್ನೂ ಒಂದೇ ಆಜ್ಞೆಯಲ್ಲಿ ಅಳಿಸಿದ. ಕೋಡು ನಿನ್ನೆ ಹೇಗಿತ್ತೋ ಹಾಗಾಯಿತು. ಟೀಚರ್ ತಾವೇ ಕೂತು ಅದನ್ನು ಗಿರಾಕಿಗೆ ಕಳಿಸುವ ಬಿಲ್ಡ್ ಮಾಡಿ ಬೆಲ್ಟಿನ ಯಂತ್ರಕ್ಕೆ ಹಾಕಿದರು. ಈಗ ಗಂಟೆ ನಾಲ್ಕಕ್ಕೆ ಐದೇ ನಿಮಿಷ ಬಾಕಿ. ತೋರಿಸಲು ಏನೂ ಇರಲಿಲ್ಲ.

“ಸಾರ್, ಕಾರ್ಯಕ್ರಮ ಬೇಡ,” ಎಂದ ಮೈಕ್ರೋ.

“ಈಗ ಹೇಳ್ತೀರಾ? ಅವರು ಗೇಟಿನ ಹತ್ತಿರ ಇದ್ದಾರೆ!” ಎಂದರು ಮ್ಯಾನೇಜರ್, ಕೂದಲಿನಿಂದ ರಟ್ಟಿನ ಚೂರು ಕೀಳುತ್ತ. “ಓಡಿಸಿ, ಏನಾದ್ರೂ ಹೇಳಿ, ಕೈ ಮುಗಿದು ಕಳಿಸೋಣ.”

ಗೋದಾಮಿನ ಮುಖ್ಯಸ್ಥೆ ಗಟ್ಟಿ ಹೆಂಗಸು. ಕುರ್ಚಿ ಬೇಡವೆಂದರು, ಕುಡಿಯಲು ಬೇಡವೆಂದರು. ಕೈಯಲ್ಲಿ ಒಂದು ಟ್ಯಾಬ್ ಹಿಡಿದು ಬೆಲ್ಟಿನ ಪಕ್ಕದಲ್ಲಿ ನಿಂತರು. ಮೈಕ್ರೋ ಗುಂಡಿ ಒತ್ತಿದ. ಪೆಟ್ಟಿಗೆಗಳು ಸರಸರನೆ ಬಂದವು, ಐದಕ್ಕೆ ಐದು, ಒಂಬತ್ತಕ್ಕೆ ಒಂಬತ್ತು, ಒಂದೂ ತಪ್ಪಲಿಲ್ಲ. ಆಕೆ ಬಗ್ಗಿ ನೋಡಿದರು, ಗಡಿಯಾರ ನೋಡಿದರು, ಇನ್ನೊಮ್ಮೆ ಓಡಿಸಲು ಹೇಳಿದರು.

“ಇದು ನಮ್ಮದರ ನಾಲ್ಕರಷ್ಟು ವೇಗ! ಏನ್ ಮಾಡಿದ್ರಿ ಇವತ್ತು?”

ಹಾಲಿನಲ್ಲಿ ಚಪ್ಪಾಳೆ ಬಿತ್ತು. ಮೊದಲು ತಟ್ಟಿದವರು ಮಾವ. ಮ್ಯಾನೇಜರು ಮೈಕ್ರೋನ ಹೆಗಲ ಮೇಲೆ ಕೈ ಹಾಕಿದರು. ಮೈಕ್ರೋ ಮಾತ್ರ ದಂಗಾಗಿ ನಿಂತಿದ್ದ. ಕೋಡು ನಿನ್ನೆಯದೇ. ಎಂಟು ತಿಂಗಳ ಹಿಂದೆ ಅವರಿಗೆ ಕಳಿಸಿದ್ದೂ ಇದನ್ನೇ. ಮತ್ತೆ ಅಲ್ಲಿ ಕುಂಟುವುದು ಇಲ್ಲಿ ಓಡಿದ್ದು ಹೇಗೆ?

ಟೀಚರ್ ಮುಖ್ಯಸ್ಥೆಯ ಟ್ಯಾಬಿನತ್ತ ಕೈಚಾಚಿದರು. ಗೋದಾಮಿನ ಪ್ರೋಗ್ರಾಂ ಅದರಲ್ಲಿ ತೆರೆದೇ ಇತ್ತು. ಪರದೆಯ ಕೆಳಗಿನ ಮೂಲೆಯಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬಿಲ್ಡಿನ ಹೆಸರಿತ್ತು. ಟೀಚರ್ ಓದಿದರು, ಟ್ಯಾಬನ್ನು ಮೈಕ್ರೋನ ಕಣ್ಣ ಮುಂದೆ ಹಿಡಿದರು.

‘ಡಿಬಗ್’ ಎಂದಿತ್ತು. ಪಕ್ಕದಲ್ಲಿ, ತಯಾರು ಮಾಡಿ ಕಳಿಸಿದವರ ಹೆಸರಿನ ಜಾಗದಲ್ಲಿ, ಅವನದೇ ಹೆಸರಿತ್ತು.

ಎಂಟು ತಿಂಗಳು. ಕಂಪೈಲರಿಗೆ ತಲೆ ಓಡಿಸಬೇಡವೆಂದು ಕಟ್ಟಪ್ಪಣೆ ಮಾಡಿದ ಬಿಲ್ಡನ್ನು ಅವನೇ, ತನ್ನ ಕೈಯಾರೆ, ಗೋದಾಮಿಗೆ ಕಳಿಸಿದ್ದ. ಅಲ್ಲಿ ಪ್ರತಿ ಪೆಟ್ಟಿಗೆಗೂ ಪ್ರತಿ ಫಂಕ್ಷನ್ನೂ ಇಡೀ ಗಂಟನ್ನು ನಕಲು ಮಾಡುತ್ತ ಕೂತಿತ್ತು. ಹದಿನಾಲ್ಕು ವರ್ಷ ಉಳಿಸಿದ ಮೈಕ್ರೋಸೆಕೆಂಡುಗಳು ಒಂದೇ ಮಧ್ಯಾಹ್ನ ಅಲ್ಲಿ ಚೆಲ್ಲಿಹೋಗುತ್ತಿದ್ದವು.

ಟೀಚರ್ ಟ್ಯಾಬನ್ನು ಹಿಂದಕ್ಕೆ ಕೊಟ್ಟು ಒಂದು ಹೆಜ್ಜೆ ಹಿಂದೆ ಸರಿದರು. ಹೇಳುವ ಹಾಗಿದ್ದರೆ ನೀವೇ ಹೇಳಿ ಎಂಬಂತೆ.

ಮೈಕ್ರೋ ಮಾವನತ್ತ ನೋಡಿದ. ಅವರು ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು. ಹನ್ನೊಂದು ವರ್ಷದಲ್ಲಿ ಅವರ ಮುಖದಲ್ಲಿ ಆ ಕಳೆ ಅವನು ಕಂಡಿರಲಿಲ್ಲ. ಸೇತುವೆ ಉದ್ಘಾಟನೆಯ ದಿನ ಕಂಡಿದ್ದ, ಅದು ಬೇರೆ ಅಳಿಯನಿಗೆ. ‘ಹೌದು ಮೇಡಂ, ಇವತ್ತು ಸ್ವಲ್ಪ ಸರಿಮಾಡಿದೆ’ ಎಂದರೆ ಸಾಕಿತ್ತು. ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ.

“ಮೇಡಂ,” ಎಂದ. “ಇವತ್ತು ನಾನು ಮಾಡಿದ್ದೆಲ್ಲ ತಪ್ಪು, ಮಾಡಿದ್ದನ್ನ ನಾನೇ ಅಳಿಸಿದೀನಿ. ಈ ವೇಗ ಕಂಪೈಲರಿಂದು, ನನ್ನದಲ್ಲ. ಇದು ಎಂಟು ತಿಂಗಳ ಹಿಂದೇನೇ ನಿಮಗೆ ಸಿಗಬೇಕಿತ್ತು. ಆವತ್ತು ಅವಸರದಲ್ಲಿ ನಾನು ಬೇರೆ ಬಿಲ್ಡ್ ಕಳಿಸ್ಬಿಟ್ಟಿದ್ದೆ. ನಿಮ್ಮ ತೊಂದ್ರೆಗೆ ಕಾರಣ ನಾನೇ.”

ಚಪ್ಪಾಳೆ ನಿಂತಿತು. ಹೆಗಲ ಮೇಲಿದ್ದ ಮ್ಯಾನೇಜರರ ಕೈ ತಾನಾಗಿ ಜಾರಿ ಅವರ ಜೇಬಿನೊಳಗೆ ಹೋಯಿತು. ಮುಖ್ಯಸ್ಥೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಎಂಟು ತಿಂಗಳಲ್ಲಿ ಈ ಕಂಪನಿಯವರ ಬಾಯಿಂದ ಬಂದ ಮೊದಲ ನೇರವಾದ ಮಾತು ಇದು,” ಎಂದರು. “ನಾಳೆ ಬೆಳಿಗ್ಗೆ ಸರಿಯಾದ್ದು ಕಳಿಸಿ. ಕಳಿಸೋ ಮುಂಚೆ ಇವರಿಗೆ ತೋರಿಸಿ.” ಇವರು ಎಂದದ್ದು ಟೀಚರನ್ನು.

ಹಾಗಾಗಿ ಆ ದಿನದಿಂದ ಮೈಕ್ರೋ ಕಳಿಸುವ ಪ್ರತಿಯೊಂದಕ್ಕೂ ಟೀಚರರ ಕೆಂಪು ಪೆನ್ನಿನ ಸಹಿ ಕಡ್ಡಾಯವಾಯಿತು. ಈ ಆದೇಶದ ಸುದ್ದಿ ಕಾಗದಕ್ಕೆ ಇಳಿಯುವ ಮುಂಚೆಯೇ ಮೂರು ಮಹಡಿಗೂ ಮುಟ್ಟಿತ್ತು. ಜೊತೆಗೆ ಪೆಟ್ಟಿಗೆಗಳ ನಡುವಿನ ಮ್ಯಾನೇಜರರ ಫೋಟೋ ಕೂಡ.

ಮನೆಗೆ ಹೊರಟ ಬಸ್ಸಿನಲ್ಲಿ ಮಾವ, ಅಳಿಯ ಅಕ್ಕಪಕ್ಕ ಕೂತರು. ನಾಲ್ಕು ಸ್ಟಾಪು ಕಳೆದವು. ಮೈಕ್ರೋ ಕಿಟಕಿಯಾಚೆ ನೋಡುತ್ತಿದ್ದ.

“ಕೆಲಸಕ್ಕೆ ಸೇರಿದ ಎರಡನೇ ವರ್ಷ,” ಎಂದು ಮಾವ ಇದ್ದಕ್ಕಿದ್ದಂತೆ ಶುರುಮಾಡಿದರು, “ಒಂದು ತೀರ್ಪು ಟೈಪು ಮಾಡೋವಾಗ ಕಾರ್ಬನ್ನು ಉಲ್ಟಾ ಇಟ್ಟಿದ್ದೆ. ನಲವತ್ತೆರಡು ಪುಟ. ತೆಗೆದು ನೋಡಿದ್ರೆ ನಕಲು ಖಾಲಿ, ಮೂಲದ ಬೆನ್ನ ತುಂಬ ಕನ್ನಡಿ ಅಕ್ಷರ. ಸಾಹೇಬರು ಕೇಳಿದಾಗ ಕಾರ್ಬನ್ನೇ ಸರಿಯಿಲ್ಲ ಅಂದೆ. ಕಾರ್ಬನ್ ತಂದುಕೊಟ್ಟವನಿಗೆ ಬೈಗುಳ ಬಿತ್ತು. ಇವತ್ತಿನವರೆಗೂ ಅದನ್ನ ಯಾರಿಗೂ ಹೇಳಿಲ್ಲ.” ಅಳಿಯನತ್ತ ತಿರುಗಿ, “ನೀವು ಅಷ್ಟು ಜನರ ಮುಂದೆ ಹೇಳಿದ್ರಿ” ಎಂದರು. ಕೊಡೆಯ ಹಿಡಿಯಿಂದ ಅಳಿಯನ ಮಂಡಿಯನ್ನು ಒಮ್ಮೆ ಮೆಲ್ಲಗೆ ತಟ್ಟಿದರು.

ಮೈಕ್ರೋನಿಗೆ ಕಣ್ಣು ಮಂಜಾಯಿತು. ನಲವತ್ತು ಪರ್ಸೆಂಟೂ ಇದರ ಮುಂದೆ ಏನೂ ಅಲ್ಲ ಅನ್ನಿಸಿತು. ಎದೆ ಉಬ್ಬಿಸಿಕೊಂಡೇ ಬಸ್ಸಿಳಿದ.

ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಹಾಲಿನ ತುಂಬ ಜನ. ಮೇಲಿನ ಮನೆಯ ಟೈಲರ್ ತೊಡೆಯ ಮೇಲೆ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದರು. ಎದುರುಮನೆ ನಿವೃತ್ತ ಡ್ರೈವರರ ಕೈಯಲ್ಲಿ ಎರಡು ಮೊಬೈಲು. ಮೂಲೆಯಲ್ಲಿ ಸಂಗೀತದ ಮೇಷ್ಟರು ಗೋಡೆ ಗಡಿಯಾರವೊಂದನ್ನು ಎದೆಗವಚಿಕೊಂಡು ಕೂತಿದ್ದರು. ಹೆಂಡತಿ ಅಡುಗೆಮನೆಯ ಬಾಗಿಲಿನಿಂದಲೇ ಕೈಸನ್ನೆ ಮಾಡಿ, ನನ್ನನ್ನು ಕೇಳಬೇಡಿ ಎಂದು ಅಪ್ಪನತ್ತ ಬೆರಳು ತೋರಿಸಿದಳು.

“ಮಧ್ಯಾಹ್ನ ಹೊರಡೋವಾಗ ದಾರಿಯಲ್ಲಿ ನಾಲ್ಕು ಜನಕ್ಕೆ ಹೇಳಿದ್ದೆ,” ಎಂದು ಮಾವ ಪಿಸುಗುಟ್ಟಿದರು. “ನಮ್ಮ ಅಳಿಯಂದ್ರು ನಿಧಾನ ಇರೋದನ್ನೆಲ್ಲ ವೇಗ ಮಾಡ್ತಾರೆ ಅಂತ. ಸಂಜೆ ಮೇಷ್ಟರಿಗೆ ಫೋನ್ ಮಾಡಿ ಆ ಕಂಪೈಲರ್ ಅನ್ನೋರ ವಿಷಯಾನೂ ಹೇಳ್ದೆ.”

“ಮಾವ, ಇವರಿಗೂ ನಿಜ ಹೇಳ್ಬಿಡ್ತೀನಿ.”

“ಸುಮ್ನಿರಿ! ಆಫೀಸಲ್ಲಿ ಹೇಳಿದ್ದು ಸಾಕು. ಇಲ್ಲಿ ಇರೋದು ನನ್ನ ಮರ್ಯಾದೆ.” ಮಾವ ಕೋಟು ಬಿಚ್ಚಿ, ಬಾಗಿಲ ಬಳಿ ಕುರ್ಚಿ ಎಳೆದುಕೊಂಡು ಕೂತು, ಚೀಟಿಗಳ ಮೇಲೆ ನಂಬರು ಬರೆಯತೊಡಗಿದರು. ಮೂವತ್ತೊಂದು ವರ್ಷದ ಕೋರ್ಟಿನ ಗತ್ತು ಒಂದು ಕ್ಷಣದಲ್ಲಿ ಮೈಮೇಲೆ ಬಂದಿತ್ತು. “ಗಲಾಟೆ ಮಾಡಬೇಡಿ. ಒಬ್ಬೊಬ್ಬರಾಗಿ ಬನ್ನಿ. ಮೊದಲನೆಯವರು!”

ಸಂಗೀತದ ಮೇಷ್ಟರು ಎದ್ದು ಬಂದು ಗಡಿಯಾರವನ್ನು ಮೈಕ್ರೋನ ಕೈಗಿಟ್ಟರು. “ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುತ್ತೆ ಸಾರ್. ನಿಮ್ಮ ಆಫೀಸಲ್ಲಿ ಕಂಪೈಲರ್ ಅಂತ ಯಾರೋ ಇದ್ದಾರಂತಲ್ಲ, ಅವರಿಗೊಂದು ಮಾತು ಹೇಳ್ತೀರಾ?”

ಮೈಕ್ರೋ ಬಾಯಿ ತೆರೆದ. ಮಾವನತ್ತ ನೋಡಿ ಮುಚ್ಚಿದ. ಗಡಿಯಾರವನ್ನು ಮೆಲ್ಲಗೆ ತಿರುಗಿಸಿ ಹಿಂಬದಿ ನೋಡಿದ.

“ಬ್ಯಾಟರಿ ಬದಲಾಯಿಸಿ,” ಎಂದ.

ಇಡೀ ಹಾಲು ಒಮ್ಮೆಲೇ ತಲೆದೂಗಿತು. ಮಾವ ಹೆಮ್ಮೆಯಿಂದ ಸುತ್ತಲೂ ಒಮ್ಮೆ ಕಣ್ಣಾಡಿಸಿದರು.

“ನೋಡಿದ್ರಾ? ಬಿಚ್ಚಲೇ ಇಲ್ಲ, ಹೇಳ್ಬಿಟ್ರು!” ಎಂದವರೇ ಎರಡನೇ ನಂಬರು ಕೂಗಿದರು.